ಕೈ ಹಗುರಾದರೆ ಕಿವಿ ತೆರೆಯುತ್ತದೆ: ಸೇರಿ ನುಡಿಸುವುದು, ಬ್ಯಾಂಡ್ ಕಟ್ಟುವುದು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹಲವರು ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ್ದೀರಿ. ಕೆಲವರು ಗಿಟಾರ್, ಕೀಬೋರ್ಡ್‌ನಲ್ಲಿ ಗ್ರೇಡ್ ಪರೀಕ್ಷೆಗಳನ್ನು ಪಾಸು ಮಾಡಿದ್ದೀರಿ. ಕೈ ತಯಾರಾಗಿದೆ. ಆದರೂ ನಾಲ್ಕು ಜನ ಕೂತು ಒಂದು ಹಾಡು ಎತ್ತಿಕೊಂಡರೆ ಹತ್ತೇ ನಿಮಿಷದಲ್ಲಿ ಹುಬ್ಬು ಗಂಟಿಕ್ಕುತ್ತದೆ. ಒಬ್ಬರು ಓಡುತ್ತಾರೆ, ಒಬ್ಬರು ಎಳೆಯುತ್ತಾರೆ, ಹಾಡುವವರು ಗಂಟಲು ಹರಿದುಕೊಳ್ಳುತ್ತಾರೆ. ಇದು ವಿದ್ಯೆಯ ಕೊರತೆಯಲ್ಲ. ಪ್ರತಿಯೊಬ್ಬರೂ ತಮ್ಮ ಸಾಮರ್ಥ್ಯದ ಕೊನೆಯ ಅಂಚಿನಲ್ಲಿ ನುಡಿಸುತ್ತಿರುವುದರಿಂದ ಗಮನವೆಲ್ಲ ಬೆರಳ ಮೇಲಿರುತ್ತದೆ. ಪಕ್ಕದವರ ಸ್ವರ ಕಿವಿಗೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಸೇರಿ ನುಡಿಸುವ ಖುಷಿ ಇರುವುದು ಪಕ್ಕದವರು ಮಾಡಿದ್ದನ್ನು ಕೇಳಿ ನಾವು ಮಾಡುವುದು ಬದಲಾಗುವುದರಲ್ಲಿ. ಕಿವಿಗೆ ಬಿಡುವೇ ಇಲ್ಲದಿದ್ದರೆ ಅದು ಆಗದು. ಇವತ್ತು ನಾನು ಹೇಳುವ ಶ್ರುತಿ, ಎಡುಪು (ತಾಳದಲ್ಲಿ ಹಾಡು ಶುರುವಾಗುವ ಜಾಗ), ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಸದ್ದಿನ ಮಟ್ಟ ಎಲ್ಲವೂ ಕಿವಿಗೆ ಆ ಬಿಡುವು ಮಾಡಿಕೊಡುವ ಉಪಾಯಗಳೇ.

ಮೊದಲು ಮನೆಯ ಅಭ್ಯಾಸ. ದಿನಕ್ಕೆ 45 ನಿಮಿಷ ಸಿಕ್ಕರೂ ಸಾಕು, ಅದನ್ನು ಹೇಗೆ ಹಂಚುತ್ತೀರಿ ಎಂಬುದು ಮುಖ್ಯ. ಶ್ರುತಿ ಸೇರಿಸಿ ದೀರ್ಘ ಸ್ವರಗಳಿಗೆ 10 ನಿಮಿಷ, ಕೈಗೆ ಹತ್ತದ ಒಂದೇ ಒಂದು ತುಣುಕಿಗೆ 15, ಉಳಿದ 20 ನಿಮಿಷ ಚೆನ್ನಾಗಿ ಬರುವ ಹಾಡು. ಈ ಕೊನೆಯ ಭಾಗವನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಬರುವುದನ್ನು ಮತ್ತೆ ಯಾಕೆ ನುಡಿಸಬೇಕು ಅಂತ. ಬರುವ ಹಾಡನ್ನು ನುಡಿಸುವಾಗಲೇ ನಾದ, ಒತ್ತು, ಸ್ವರ ಎಲ್ಲಿ ಮುಗಿಯಬೇಕು ಎಂಬುದೆಲ್ಲ ಕೇಳಿಸತೊಡಗುವುದು. ಒಂದು ಪರೀಕ್ಷೆ ಹೇಳುತ್ತೇನೆ: ನುಡಿಸುತ್ತಲೇ ತಾಳದ ಎಣಿಕೆಯನ್ನು ಬಾಯಿಬಿಟ್ಟು ಹೇಳಿ. ಕೊಳಲಿನವರು ಕಾಲಲ್ಲಿ ತಾಳ ಹಾಕಿ. ಎಣಿಕೆ ತಪ್ಪಿದರೆ ಆ ಹಾಡು ಬ್ಯಾಂಡಿಗೆ ಇನ್ನೂ ಸಿದ್ಧವಾಗಿಲ್ಲ. ಎಷ್ಟೇ ವೇಗವಾಗಿ ಬರುತ್ತಿದ್ದರೂ ಅಷ್ಟೇ.

ಕಾಲಪ್ರಮಾಣಕ್ಕೆ ಟಕ್ ಟಕ್ ಎಂದು ವೇಗ ತೋರಿಸುವ ಮೆಟ್ರೊನೋಮ್ ಬೇಕು, ಆದರೆ ಅದರ ಮೇಲೆ ಒರಗಬಾರದು. ನಿಮಿಷಕ್ಕೆ 80 ಎಣಿಕೆಯ ವೇಗದ ಹಾಡಾದರೆ ಮೊದಲು 80ಕ್ಕೇ ಇಟ್ಟು ನುಡಿಸಿ. ಆಮೇಲೆ 40ಕ್ಕೆ ಇಳಿಸಿ, ಆ ಟಕ್ ಸದ್ದು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವಂತೆ ನುಡಿಸಿ. ಮೊದಲನೆಯ ಎಣಿಕೆಯನ್ನು ಈಗ ನೀವೇ ಹುಟ್ಟಿಸಬೇಕು. ಇದು ಕೂತ ಮೇಲೆ 20ಕ್ಕೆ ಇಳಿಸಿದರೆ ನಾಲ್ಕು ಎಣಿಕೆಗೆ ಒಂದೇ ಟಕ್. ಬ್ಲೂಟೂತ್ ಸ್ಪೀಕರ್‌ನಲ್ಲಿ ಕೀಬೋರ್ಡ್ ನುಡಿಸಿ ಅಭ್ಯಾಸ ಮಾಡಬೇಡಿ. ಕೀ ಒತ್ತಿ ಸದ್ದು ಬರುವುದರೊಳಗೆ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಬಹುದು. ಕೈ ಆ ತಡಕ್ಕೆ ಒಗ್ಗಿಕೊಂಡು ಮುಂದೆ ಮುಂದೆ ಓಡಲು ಕಲಿಯುತ್ತದೆ. ತಂತಿಯ ಹೆಡ್‌ಫೋನ್ ಸಾಕು.

ಇನ್ನು ಜನ. ನಾಲ್ಕು ಜನರ ಬ್ಯಾಂಡಿನಲ್ಲಿ ಇಬ್ಬಿಬ್ಬರ ಸಂಬಂಧಗಳು ಆರು. ಐದು ಜನರಾದರೆ ಹತ್ತು, ಆರು ಜನರಾದರೆ ಹದಿನೈದು. ಅಷ್ಟೂ ಜೋಡಿಗಳು ಒಬ್ಬರನ್ನೊಬ್ಬರು ಕೇಳಬೇಕು, ಮಾತಾಡಬೇಕು, ಒಂದೇ ಸಮಯಕ್ಕೆ ಬಿಡುವಾಗಿರಬೇಕು. ಹಾಡುವವರು ಒಬ್ಬರು, ಲಯಕ್ಕೆ ಒಬ್ಬರು, ಬೇಸ್ ಗಿಟಾರ್ ಒಬ್ಬರು, ಕೊಳಲೋ ಪಿಟೀಲೋ ಗಿಟಾರೋ ಒಂದು: ಇಷ್ಟರಲ್ಲಿ ಶುರು ಮಾಡಿ. ಒಬ್ಬರ ಮನೆ ಯಲಹಂಕ, ಇನ್ನೊಬ್ಬರದ್ದು ಕೆಂಗೇರಿ ಎಂದಾದರೆ ಅಭ್ಯಾಸದ ಜಾಗವನ್ನು ಮೊದಲೇ ನಡುವೆ ಎಲ್ಲಾದರೂ ಗೊತ್ತು ಮಾಡಿ. ಬೆಂಗಳೂರಿನಲ್ಲಿ ಎಷ್ಟೋ ಬ್ಯಾಂಡ್‌ಗಳನ್ನು ಮುರಿಯುವುದು ಟ್ರಾಫಿಕ್ಕು.

ಮೊದಲ ಭೇಟಿಯಲ್ಲಿ ಹಾಡು ಮುಟ್ಟಬೇಡಿ. ಷಡ್ಜ-ಪಂಚಮ (ಸ ಮತ್ತು ಪ) ಹಿಡಿದು ಎಂಟು ಎಣಿಕೆಯ ಆದಿತಾಳದಲ್ಲಿ ಹತ್ತು ನಿಮಿಷ ಸರಳವಾಗಿ ನುಡಿಸಿ. ಆಮೇಲೆ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಎಲ್ಲರೂ ಪೂರ್ತಿ ಸುಮ್ಮನಾಗಿ, ಮುಂದಿನ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ, ಒಟ್ಟಿಗೆ ಬನ್ನಿ. ಯಾರೂ ಕೈಯಲ್ಲಿ ತಾಳ ತೋರಿಸಕೂಡದು. ಆ ಮೌನದಲ್ಲಿ ಯಾರು ತಾಳಿಕೊಳ್ಳುತ್ತಾರೆ, ಯಾರು ಮೊದಲೇ ಬೀಳುತ್ತಾರೆ ಅನ್ನುವುದು ಐದು ಸುತ್ತಿನಲ್ಲೇ ಗೊತ್ತಾಗುತ್ತದೆ. ಬಿರುಸಿನ ಸೋಲೋ ನುಡಿಸಿ ಬೆರಗು ಹುಟ್ಟಿಸುವವರಿಗಿಂತ ಈ ಮೌನದಲ್ಲಿ ನೆಟ್ಟಗೆ ನಿಲ್ಲುವವರು ಬ್ಯಾಂಡಿಗೆ ಹೆಚ್ಚು ಬೆಲೆಯವರು ಅಂತ ನನ್ನ ಖಚಿತ ಅಭಿಪ್ರಾಯ.

ಶ್ರುತಿಯನ್ನು ನಿರ್ಧರಿಸುವವರು ಹಾಡುವವರು. ಇದರಲ್ಲಿ ಚರ್ಚೆ ಬೇಡ. ಆಯ್ದ ಹಾಡುಗಳಲ್ಲಿ ಅತಿ ಎತ್ತರದ ಸ್ವರ ಯಾವುದು ನೋಡಿ, ಅದನ್ನು ಸಾಲಾಗಿ ನಾಲ್ಕು ಸಲ ಆಯಾಸವಿಲ್ಲದೆ ಹಾಡಲು ಆಗುವ ಶ್ರುತಿ ಇಡಿ. ಒಂದು ಸಲ ಮುಟ್ಟಿದರೆ ಸಾಲದು, ಕಛೇರಿಯ ಕೊನೆಯ ಹಾಡಿನಲ್ಲೂ ಮುಟ್ಟಬೇಕು. ಗಿಟಾರಿನವರು ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಳ್ಳಬಹುದು, ಒಂದು ಮನೆಗೆ ಒಂದು ಸ್ವರಸ್ಥಾನ ಏರುತ್ತದೆ. ಕೀಬೋರ್ಡಿನಲ್ಲಿ ಗುಂಡಿ ಒತ್ತಿದರೆ ಆಯಿತು. ಕಷ್ಟ ಇರುವುದು ತಬಲಾ, ಮೃದಂಗದವರಿಗೆ. ಒಂದು ತಬಲಾ ಸರಿಯಾದ ನಾದ ಕೊಡುವುದು ತನ್ನ ಶ್ರುತಿಯ ಆಚೀಚೆ ಒಂದೊಂದು ಸ್ವರಸ್ಥಾನದಷ್ಟು ಮಾತ್ರ. ಅದಕ್ಕಿಂತ ಏರಿಸಿದರೆ ಚರ್ಮ ಹರಿಯುವ ಭಯ, ಇಳಿಸಿದರೆ ನಾದ ಸಾಯುತ್ತದೆ. ಆದ್ದರಿಂದ ಹಾಡುಗಳ ಪಟ್ಟಿಯನ್ನು ಶ್ರುತಿಯ ಪ್ರಕಾರ ಗುಂಪು ಮಾಡಿ: ಬಿಳಿ 1ರ (ಹಾರ್ಮೋನಿಯಂನ ಮೊದಲ ಬಿಳಿ ಮನೆ, ಅಂದರೆ ಸಿ) ಹಾಡುಗಳು ಒಟ್ಟಿಗೆ, ಬಿಳಿ 4ರವು ಒಟ್ಟಿಗೆ. ಪ್ರತಿ ಹಾಡಿಗೂ ಶ್ರುತಿ ಬದಲಾದರೆ ತಬಲಾದವರು ಎರಡು ಮೂರು ದಾಯಾಂ (ಬಲಗೈಯ ತಬಲಾ) ಹೊತ್ತು ತಿರುಗಬೇಕಾಗುತ್ತದೆ.

ಶ್ರುತಿ ಸೇರಿಸುವಾಗ ಬದಲಾಗಲಾರದ ವಾದ್ಯಕ್ಕೆ ಉಳಿದವರು ಬಗ್ಗಬೇಕು. ಹಳೆಯ ಹಾರ್ಮೋನಿಯಂ ಇದ್ದರೆ ಅದು ಟ್ಯೂನರ್‌ಗಳು ಅನುಸರಿಸುವ 440 ಹರ್ಟ್ಸ್‌ನ ಲೆಕ್ಕಕ್ಕೆ ಇರುವುದೇ ಅಪರೂಪ. ಟ್ಯೂನರ್ ಆಪ್ ನೋಡಿ ಗಿಟಾರ್ ಸೇರಿಸಿಕೊಂಡವರು ಅದರ ಜೊತೆ ಅಪಸ್ವರವೇ ನುಡಿಸುತ್ತಾರೆ. ಆಪ್ ಪಕ್ಕಕ್ಕಿಟ್ಟು ಹಾರ್ಮೋನಿಯಂ ಕೇಳಿ ಸೇರಿಸಿ. ಕೀಬೋರ್ಡಿನ ಟ್ಯೂನಿಂಗ್ ಮೆನುವನ್ನೂ ಅದಕ್ಕೇ ಹೊಂದಿಸಿ. ಇನ್ನು ಹವೆ. ತಾಪಮಾನ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಕೊಳಲಿನ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್. ಎಸಿ ಹಾಲಿನಲ್ಲಿ ಸೇರಿಸಿಟ್ಟು 10 ಡಿಗ್ರಿ ಹೆಚ್ಚು ಬಿಸಿಯ ವೇದಿಕೆಗೆ ಬಂದರೆ ಕೊಳಲು 30 ಸೆಂಟ್ ಮೇಲೆ ಹೋಗಿರುತ್ತದೆ. ಅದೇ ಬಿಸಿಗೆ ಗಿಟಾರಿನ ತಂತಿ ಸಡಿಲವಾಗಿ ಕೆಳಗೆ ಬಂದಿರುತ್ತದೆ. ಇಬ್ಬರೂ ಸರಿ ನುಡಿಸುತ್ತಿದ್ದರೂ ಕೇಳುವವರಿಗೆ ಕಿರಿಕಿರಿ. ವೇದಿಕೆಯ ಮೇಲೆ ಕಾಲು ಗಂಟೆ ಮೊದಲೇ ವಾದ್ಯ ಇಟ್ಟು, ಅಲ್ಲೇ ಸೇರಿಸಿ.

ಈಗ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡ ಜಾಗ: ಎಡುಪು. ನಮ್ಮ ದೇವರನಾಮ, ತತ್ವಪದ, ಭಾವಗೀತೆಗಳನ್ನು ಎತ್ತಿಕೊಳ್ಳುವ ಬ್ಯಾಂಡ್‌ಗಳಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಇಲ್ಲೇ, ಜಗಳವಾಡುವವರಿಗೆ ಕಾರಣ ಗೊತ್ತಿರುವುದಿಲ್ಲ. ಆದಿತಾಳಕ್ಕೆ ಎಂಟು ಅಕ್ಷರ, ಗಿಟಾರಿನವರ ಲೆಕ್ಕದಲ್ಲಿ ನಾಲ್ಕು ನಾಲ್ಕು ಎಣಿಕೆಯ ಎರಡು ಬಾರ್. ಅದು ಸರಿಯಾಗಿ ಹೊಂದುತ್ತದೆ. ಆದರೆ ಹಾಡು ಸಮದಲ್ಲೇ ಶುರುವಾಗಬೇಕೆಂದಿಲ್ಲ. ಒಂದೂವರೆ ಅಕ್ಷರ ಬಿಟ್ಟು ಎತ್ತುವ ಪಲ್ಲವಿ ಇದೆ ಎಂದಿಟ್ಟುಕೊಳ್ಳಿ. ಮಾತು ಹುಟ್ಟುವುದು ಎರಡನೆಯ ಎಣಿಕೆಯ ನಟ್ಟನಡುವೆ. ತಾಳ ಕಲಿಯದ ಗಿಟಾರ್ ವಾದಕರಿಗೆ ಹಾಡಿನ ಮೊದಲ ಅಕ್ಷರವೇ ‘ಒಂದು’ ಅಂತ ಕೇಳಿಸುತ್ತದೆ. ಅವರು ಅಲ್ಲೇ ಕಾರ್ಡ್ ಬದಲಿಸುತ್ತಾರೆ. ಡ್ರಮ್ಸ್‌ನವರು ಗಿಟಾರ್ ಕೇಳಿ ಅಲ್ಲೇ ಕಿಕ್ (ಕಾಲಿನಿಂದ ನುಡಿಸುವ ದೊಡ್ಡ ಡ್ರಮ್ಮಿನ ಹೊಡೆತ) ಇಡುತ್ತಾರೆ. ಹಾಡುವವರ ಕೈ ಮಾತ್ರ ಬೇರೆ ಕಡೆ ಸಮ ಹಾಕುತ್ತಿರುತ್ತದೆ. ಎರಡು ಮೂರು ಆವರ್ತ ಹೇಗೋ ಸಾಗುತ್ತದೆ. ಸಾಲು ಮುಗಿದು ಮೃದಂಗದವರು ಮುಕ್ತಾಯ ನುಡಿಸಿ ನಿಜವಾದ ಸಮಕ್ಕೆ ಬಂದು ಬಿದ್ದಾಗ, ಡ್ರಮ್ಸ್ ಒಂದೂವರೆ ಅಕ್ಷರ ಆಚೆ ಬೀಳುತ್ತದೆ. ‘ನೀನು ತಪ್ಪಿದೆ’, ‘ನೀನು ತಪ್ಪಿದೆ’ ಶುರು.

ಪರಿಹಾರ ಸುಲಭ, ಆದರೆ ಯಾರೂ ಮಾಡುವುದಿಲ್ಲ. ವಾದ್ಯ ಕೆಳಗಿಡಿ. ಎಲ್ಲರೂ, ಡ್ರಮ್ಸ್‌ನವರೂ ಸೇರಿ, ಕೈಯಲ್ಲಿ ಆದಿತಾಳ ಹಾಕುತ್ತ ಪಲ್ಲವಿಯನ್ನು ಹತ್ತು ಸಲ ಹಾಡಿ. ದನಿ ಹೇಗಿದ್ದರೂ ಪರವಾಗಿಲ್ಲ. ಆಮೇಲೆ ಡ್ರಮ್ಸ್‌ನವರು ಸಮಕ್ಕೆ ಒಂದು ಕಿಕ್ ಮಾತ್ರ ಇಡಲಿ, ಬೇರೇನೂ ಬೇಡ. ಹಾಡಿನ ಮೊದಲ ಮಾತು ಆ ಕಿಕ್‌ನ ನಂತರ ಬರುವುದನ್ನು ದೇಹ ಒಪ್ಪಿಕೊಳ್ಳುವವರೆಗೆ ಅಷ್ಟೇ. ಆಮೇಲೆ ಬೇಸ್ ಗಿಟಾರ್ ಸಮದಲ್ಲಿ ಷಡ್ಜ ಹಿಡಿಯಲಿ. ಗಿಟಾರ್, ಕೀಬೋರ್ಡ್ ಕೊನೆಗೆ. ಒಂದು ಹಾಡಿಗೆ ಅರ್ಧ ಗಂಟೆ ಬೇಕಾಗುತ್ತದೆ. ಆ ಅರ್ಧ ಗಂಟೆ ಕೊಟ್ಟ ಬ್ಯಾಂಡ್ ಮುಂದೆ ಆ ಹಾಡಿನಲ್ಲಿ ಎಂದೂ ಬೀಳುವುದಿಲ್ಲ.

ಮುಕ್ತಾಯವನ್ನೂ ಎಲ್ಲರೂ ಬಾಯಲ್ಲಿ ಕಲಿಯಬೇಕು. ಆದಿತಾಳದ ಎಂಟು ಅಕ್ಷರಕ್ಕೆ ನಾಲ್ಕು ನಾಲ್ಕು ಮಾತ್ರೆಯಂತೆ 32 ಮಾತ್ರೆ. ‘ತದಿಗಿಣತೋಂ’ ಐದು ಮಾತ್ರೆ, ಮೂರು ಸಲ ಹೇಳಿದರೆ 15. ತಾಳದ ಮೊದಲ ಭಾಗವಾದ ಲಘುವಿನ ನಾಲ್ಕು ಅಕ್ಷರ ಮುಗಿದರೆ 16 ಮಾತ್ರೆ ಆಯಿತು, ಒಂದು ಮಾತ್ರೆ ಬಿಟ್ಟು ಹಿಡಿದರೆ ಮೂರನೆಯ ‘ತೋಂ’ ಮುಗಿದ ಕೂಡಲೇ ಸಮ. ಗಿಟಾರ್, ಬೇಸ್, ಡ್ರಮ್ಸ್ ಮೂವರೂ ಪ್ರತಿ ‘ತ’ಕ್ಕೆ ಒಂದು ಹೊಡೆತ ಕೊಟ್ಟು, ಸಮದಲ್ಲಿ ಒಟ್ಟಿಗೆ ಬಂದು ನಿಲ್ಲಲಿ. ಇಷ್ಟು ಚಿಕ್ಕ ಲೆಕ್ಕ ಒಟ್ಟಾಗಿ ಬಿದ್ದಾಗ ಆಗುವ ಸಂತೋಷ ಬೇರೆ ಎಲ್ಲೂ ಸಿಗದು, ಕೇಳುವವರ ಕೈಯೂ ತಾನಾಗಿ ಚಪ್ಪಾಳೆಗೆ ಏಳುತ್ತದೆ. ಏಳು ಎಣಿಕೆಯ ಮಿಶ್ರಛಾಪು ತಾಳ ಬಂದರೆ ಏಳು ಅಂತ ಎಣಿಸಬೇಡಿ, ಮೂರು-ಎರಡು-ಎರಡು ಅಂತ ಎಣಿಸಿ. ಗಿಟಾರಿನ ಕೆಳಹೊಡೆತ ಒಂದು, ನಾಲ್ಕು ಮತ್ತು ಆರಕ್ಕೆ.

ಕಾರ್ಡ್‌ಗಳ ವಿಷಯ. ಮೋಹನ ರಾಗದ ಹಾಡು, ಸಿ ಷಡ್ಜ ಎಂದಿಟ್ಟುಕೊಳ್ಳಿ. ಗಿಟಾರಿನವರ ಕೈ ಅಭ್ಯಾಸಬಲದಿಂದ ಸಿ, ಎಫ್, ಜಿ ಎಂದು ಓಡುತ್ತದೆ. ಮೋಹನದಲ್ಲಿ ಇರುವುದು ಸ ರಿ ಗ ಪ ದ. ಎಫ್ ಮೇಜರ್ ಎಂದರೆ ಮ-ದ-ಸ, ಮಧ್ಯಮ ನುಸುಳಿತು. ಜಿ ಮೇಜರ್ ಎಂದರೆ ಪ-ನಿ-ರಿ, ನಿಷಾದ ನುಸುಳಿತು. ಹಾಡುವವರಿಗೆ ಇದ್ದಕ್ಕಿದ್ದಂತೆ ರಾಗ ಕೈಬಿಟ್ಟಂತೆ ಅನ್ನಿಸುತ್ತದೆ, ಆದರೆ ಏಕೆ ಎಂದು ಹೇಳಲು ಬರುವುದಿಲ್ಲ. ಮೋಹನದೊಳಗೇ ಪೂರ್ತಿಯಾಗಿ ಸಿಗುವ ಮೂರು ಸ್ವರದ ಕಾರ್ಡ್ ಎರಡೇ: ಸ-ಗ-ಪ, ಅಂದರೆ ಸಿ ಮೇಜರ್, ದ-ಸ-ಗ, ಅಂದರೆ ಎ ಮೈನರ್. ಮೂರನೆಯದು ಬೇಕೆಂದರೆ ನಿಷಾದ ಬಿಟ್ಟು ಪ-ರಿ ಎರಡೇ ಸ್ವರ ನುಡಿಸಿ. ಇಷ್ಟರಲ್ಲಿ ಒಂದು ಇಡೀ ಹಾಡು ಸೊಗಸಾಗಿ ನಿಲ್ಲುತ್ತದೆ. ಹಿಂದೋಳ ಇನ್ನೂ ಸೂಕ್ಷ್ಮ. ಅಲ್ಲಿ ಪಂಚಮವೇ ಇಲ್ಲ. ತಂಬೂರಿಯನ್ನೇ ಪಂಚಮದ ಬದಲು ಮಧ್ಯಮಕ್ಕೆ ಸೇರಿಸುತ್ತಾರೆ. ಅಲ್ಲಿ ರಾಕ್ ಗಿಟಾರಿನವರು ಷಡ್ಜ-ಪಂಚಮದ ಪವರ್ ಕಾರ್ಡ್ ಹೊಡೆದರೆ ಮೊದಲ ಹೊಡೆತಕ್ಕೇ ರಾಗ ಮುಗಿಯಿತು. ಷಡ್ಜ-ಮಧ್ಯಮ ಹಿಡಿಯಿರಿ. ಸಿ ಷಡ್ಜವಾದರೆ ಎಫ್ ಮೈನರ್ ಮತ್ತು ಎ ಫ್ಲಾಟ್ ಮೇಜರ್ ಎರಡೂ ರಾಗದೊಳಗೇ ಇವೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಮನೆಯಲ್ಲಿ ಹೋಗಿ ಕೇಳಿ ನೋಡಿ. ತಂಬೂರಿ ಚೆನ್ನಾಗಿ ಸೇರಿದ್ದರೆ ಅದರೊಳಗೆ ಅಂತರ ಗಾಂಧಾರ (ಮೋಹನದ ಗ) ತಾನಾಗಿ ಕೇಳಿಸುತ್ತದೆ. ಆ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ದೂರ. ಕೀಬೋರ್ಡಿನ ಗಾಂಧಾರ 400 ಸೆಂಟ್. ಬಿಳಿ 1ರ ಮಧ್ಯ ಸ್ಥಾಯಿಯಲ್ಲಿ ಒಂದು 327 ಹರ್ಟ್ಸ್, ಇನ್ನೊಂದು 329.6. ಎರಡೂ ಒಟ್ಟಿಗೆ ದೀರ್ಘವಾಗಿ ನಿಂತರೆ ಸೆಕೆಂಡಿಗೆ ಎರಡೂವರೆ ಸಲ ಸದ್ದು ತೊನೆಯುತ್ತದೆ. ಹಾಡುವವರು ತಂಬೂರಿಯ ಗಾಂಧಾರಕ್ಕೆ ಸೇರಬೇಕೋ ಕೀಬೋರ್ಡಿಗೋ ತಿಳಿಯದೆ ತಡಕಾಡುತ್ತಾರೆ. ತಂಬೂರಿ ಇರುವ ಕಡೆ ಕೀಬೋರ್ಡಿನವರು ಗಾಂಧಾರ ಬಿಟ್ಟು ಸ-ಪ ಮಾತ್ರ ಹಿಡಿಯಲಿ. ಗಾಂಧಾರವನ್ನು ಕಂಠಕ್ಕೆ, ಪಿಟೀಲಿಗೆ, ಕೊಳಲಿಗೆ ಬಿಟ್ಟುಕೊಡಿ.

ಕಾರ್ಡ್ ಇಲ್ಲದೆಯೂ ಬೇರೆ ನಾಡಿನ ವಾದ್ಯ ನಮ್ಮ ಲಯದ ಜೊತೆ ಎಷ್ಟು ದೂರ ಹೋಗಬಹುದು ಎಂದು ತಿಳಿಯಲು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ, 1983ರಲ್ಲಿ ಇಸಿಎಂ ಕಂಪನಿ ಹೊರತಂದ ‘ಜ್ಯೋತಿ’ ಧ್ವನಿಮುದ್ರಣ ಕೇಳಿ. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ, ಘಟ, ಖಂಜಿರ, ಜೊತೆಗೆ ಸ್ಯಾಕ್ಸೋಫೋನ್ ಮತ್ತು ಕೊಳಲು. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಯಾರು ಯಾವಾಗ ಸುಮ್ಮನಿದ್ದಾರೆ ಎಂಬುದನ್ನು ಬರೆದುಕೊಳ್ಳುತ್ತ ಕೇಳಿ, ಅದೇ ಪಾಠ.

ಸುಮ್ಮನಿರುವುದನ್ನೂ ಬರೆದಿಡಬೇಕು. ಪ್ರತಿ ಹಾಡಿಗೆ ಒಂದು ಹಾಳೆ: ಪಲ್ಲವಿ, ಒಂದನೆಯ ಚರಣ, ನಡುವಿನ ವಾದನ, ಎರಡನೆಯ ಚರಣ. ಪ್ರತಿಯೊಂದರ ಮುಂದೆ ಯಾರು ನುಡಿಸುವುದಿಲ್ಲ ಎಂದು ಗುರುತು ಹಾಕಿ. ಮೊದಲ ಚರಣಕ್ಕೆ ಕನಿಷ್ಠ ಇಬ್ಬರು ಬಿಡಲಿ. ಕೀಬೋರ್ಡಿನವರ ಎಡಗೈ ಬೇಸ್ ಗಿಟಾರಿನ ಜಾಗದಲ್ಲೇ ನುಡಿಸಿದರೆ ಕೆಳಗಿನ ಸದ್ದು ಕೆಸರಾಗುತ್ತದೆ. ಬೇಸ್ ಇದ್ದಾಗ ಎಡಗೈ ಎತ್ತಿಬಿಡಿ. ಗಿಟಾರ್ ಮತ್ತು ಕೀಬೋರ್ಡ್ ಎರಡೂ ಮಧ್ಯ ಸ್ಥಾಯಿಯಲ್ಲಿ ತುಂಬಿಕೊಂಡರೆ ಹಾಡಿನ ಮಾತು ಕೇಳುವುದಿಲ್ಲ. ಕನ್ನಡ ಹಾಡಿನಲ್ಲಿ ಮಾತು ಕೇಳದಿದ್ದರೆ ಜನ ಎದ್ದು ಹೋಗುತ್ತಾರೆ, ಮತ್ತು ಅದು ನ್ಯಾಯವೇ.

ಅಭ್ಯಾಸ ಎರಡು ಗಂಟೆ, ಮೂರು ಹಾಡು, ಅದಕ್ಕಿಂತ ಹೆಚ್ಚು ಬೇಡ. ವೃತ್ತಾಕಾರವಾಗಿ, ಒಬ್ಬರಿಗೊಬ್ಬರು 3 ಮೀಟರಿಗಿಂತ ಹತ್ತಿರ ಕೂರಿ. ಸದ್ದು 3.4 ಮೀಟರ್ ದಾಟಲು 10 ಮಿಲಿಸೆಕೆಂಡ್ ಬೇಕು. 7 ಮೀಟರ್ ದೂರ ಕೂತರೆ 20 ಮಿಲಿಸೆಕೆಂಡ್ ತಡ, ಲಯ ಎಳೆದಾಡುವುದು ಆಗಲೇ ಶುರುವಾಗುತ್ತದೆ. ವೀಡಿಯೊ ಕಾಲ್‌ನಲ್ಲಿ ಒಟ್ಟಿಗೆ ನುಡಿಸಲು ಆಗದಿರುವುದೂ ಇದೇ ಕಾರಣಕ್ಕೆ. ಫೋನನ್ನು ವೃತ್ತದ ನಡುವೆ ಇಟ್ಟು ರೆಕಾರ್ಡ್ ಮಾಡಿ. ಕೇಳುವಾಗ ಹಾಡಿನ ಮೊದಲ ಸಾಲಿನ ವೇಗವನ್ನೂ ಕೊನೆಯ ಸಾಲಿನ ವೇಗವನ್ನೂ ಅಳೆಯಿರಿ. ನಿಮಿಷಕ್ಕೆ ನಾಲ್ಕೈದು ಎಣಿಕೆ ಏರಿದ್ದರೆ ಸಹಜ, 15 ಏರಿದ್ದರೆ ಎಲ್ಲಿ ಓಡಿದಿರಿ ಹುಡುಕಿ. ಸಾಮಾನ್ಯವಾಗಿ ಅದು ಡ್ರಮ್ಸ್‌ನ ಉರುಳಿಕೆಯ ಮೇಲೆ ಅಥವಾ ಎಲ್ಲರೂ ಸದ್ದು ಏರಿಸಿದ ಕಡೆ ಇರುತ್ತದೆ.

ತಮ್ಮ ಸದ್ದು ತಮಗೆ ಕೇಳದವರು ಅದನ್ನು ಏರಿಸಬಾರದು. ಅತಿ ಜೋರಿರುವವರು ಇಳಿಸಬೇಕು. ಇದು ಕಿವಿಯ ಆರೋಗ್ಯದ ಮಾತೂ ಹೌದು. 85 ಡೆಸಿಬೆಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂಬುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಮಾರ್ಗಸೂಚಿ. ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ 100 ದಾಟುವುದು ಕಷ್ಟವೇ ಅಲ್ಲ. ಕಿವಿಗೆ ಇಯರ್‌ಪ್ಲಗ್ ಹಾಕಿ. ಅಭ್ಯಾಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮುಂದಿನ ಸಲ ಅರ್ಧ ಸದ್ದಿನಲ್ಲಿ ನುಡಿಸಿ. ಕಳೆದುಹೋದ ಶ್ರವಣ ಮರಳಿ ಬರುವುದಿಲ್ಲ.

ವೇದಿಕೆ. ಮೊದಲ ಕಾರ್ಯಕ್ರಮ ಅರ್ಧ ಗಂಟೆ, ಆರು ಹಾಡು, ಸಾಕು. ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವ ಎಂದರೆ ನಿಮ್ಮ ಸರದಿ ತಡವಾಗುತ್ತದೆ. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ, ಹಾಗಾಗಿ ಅರ್ಧಕ್ಕೆ ನಿಲ್ಲಿಸಿದರೂ ಪೂರ್ಣ ಅನ್ನಿಸುವಂತೆ ಹಾಡುಗಳನ್ನು ಜೋಡಿಸಿಕೊಳ್ಳಿ. ಸೌಂಡ್ ಚೆಕ್‌ನಲ್ಲಿ ಡ್ರಮ್ಸ್‌ನಿಂದ ಶುರು ಮಾಡುವುದು ವಾಡಿಕೆ. ನಾನು ಕಂಠದಿಂದ ಶುರು ಮಾಡಿ ಅನ್ನುತ್ತೇನೆ, ಸಮಯ ಮುಗಿದುಹೋದರೂ ಮಾತು ಸರಿಯಾಗಿ ಕೇಳುತ್ತದೆ. ಮಾನಿಟರ್ ಸ್ಪೀಕರ್ (ವೇದಿಕೆಯಲ್ಲಿರುವವರಿಗೇ ಕೇಳಿಸಲು ಇಡುವುದು) ಮೈಕಿನ ಹಿಂಬದಿಗೆ ನೇರ ಇರಲಿ, ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯಬೇಡಿ, ಕೂಗು ಬರುವುದು ಅದರಿಂದಲೇ. ಎಲ್ಲದಕ್ಕಿಂತ ಮುಖ್ಯ, ಅರ್ಥಿಂಗ್. ಗಿಟಾರಿನ ಆಂಪ್ಲಿಫೈಯರ್ ಒಂದು ಕಡೆಯಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟ್ ತೆಗೆದುಕೊಂಡು, ಒಂದಕ್ಕೆ ಅರ್ಥ್ ಇಲ್ಲದಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕಿಗೆ ತಾಗಿದ ತುಟಿಯ ನಡುವೆ ಶಾಕ್ ಹೊಡೆಯುತ್ತದೆ. ಜೀವ ಹೋಗಬಹುದಾದ ಶಾಕ್. ಎಲ್ಲ ವಾದ್ಯಕ್ಕೂ ಅರ್ಥ್ ಇರುವ ಒಂದೇ ಕಡೆಯಿಂದ ಕರೆಂಟ್ ಕೇಳಿ. ಎಲೆಕ್ಟ್ರಿಷಿಯನ್ ಪರೀಕ್ಷಿಸಿ ತೋರಿಸುವವರೆಗೆ ಮೈಕ್ ಮುಟ್ಟಬೇಡಿ. ಸಂಘಟಕರು ಅವಸರ ಮಾಡಿದರೂ ಬಗ್ಗಬೇಡಿ.

ಕೊನೆಗೆ ಹಕ್ಕು ಮತ್ತು ಹಣ. ನಮ್ಮ ದೇಶದ ಕಾಯ್ದೆಯಲ್ಲಿ ಸಾಹಿತ್ಯಕ್ಕೂ ಸಂಗೀತಕ್ಕೂ ಕರ್ತೃ ತೀರಿಕೊಂಡ ವರ್ಷ ಮುಗಿದ ನಂತರ 60 ವರ್ಷ ಹಕ್ಕು ಇರುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಪದಗಳು ಎಲ್ಲರ ಸ್ವತ್ತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕಿದೆ. ಕುವೆಂಪು ಅವರದ್ದಕ್ಕೆ 2054ರ ಕೊನೆಯವರೆಗೆ. ಮಾತಿನ ಹಕ್ಕು ಬೇರೆ, ಧಾಟಿಯ ಹಕ್ಕು ಬೇರೆ. ಶರೀಫರ ಪದ ಮುಕ್ತವಾಗಿದ್ದರೂ ಸಿ. ಅಶ್ವಥ್ ಹಾಕಿದ ಧಾಟಿಯಲ್ಲಿ ಹಾಡಿದರೆ ಆ ಧಾಟಿಗೆ ಹಕ್ಕಿದೆ. ಅವರು ತೀರಿಕೊಂಡದ್ದು 2009ರಲ್ಲಿ. ವೇದಿಕೆಯ ಕಾರ್ಯಕ್ರಮಕ್ಕೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಹಾಕಿದವರ ಹಕ್ಕು ನೋಡುವ ಸಂಸ್ಥೆ) ಪರವಾನಗಿ ತೆಗೆದುಕೊಂಡಿದ್ದೀರಾ ಎಂದು ಸಂಘಟಕರನ್ನು ಮೊದಲೇ ಕೇಳಿ. ರೆಕಾರ್ಡ್ ಮಾಡಿ ಹಾಕುವುದಾದರೆ ಹಕ್ಕುದಾರರಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ಐದು ಜನರ ಬ್ಯಾಂಡಾದರೆ ಬಂದ ಹಣವನ್ನು ಆರು ಪಾಲು ಮಾಡಿ. ಆರನೆಯದು ತಂತಿ, ಚರ್ಮ, ಕೇಬಲ್, ಅಭ್ಯಾಸದ ಕೋಣೆಯ ಬಾಡಿಗೆಗೆ. ಹೊಸ ಧಾಟಿ ಹುಟ್ಟಿದ ದಿನವೇ ಧಾಟಿ ಯಾರದ್ದು, ಮಾತು ಯಾರದ್ದು, ನಡುವಿನ ವಾದನ ಯಾರು ಕಟ್ಟಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ ಐವರೂ ಸಹಿ ಮಾಡಿ. ಯಾರಾದರೂ ಬ್ಯಾಂಡ್ ಬಿಟ್ಟರೆ ಆ ಹಾಡನ್ನು ಉಳಿದವರು ನುಡಿಸಬಹುದೇ ಎಂಬ ಒಂದು ಸಾಲನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಎಲ್ಲರೂ ಸ್ನೇಹದಿಂದಿರುವಾಗಲೇ.